ಜಪಾನ್‌ಗೆ ಹೋಗುವವರು ಉಗಿಬಂಡಿ ಬಿಡಬೇಡಿ

ಮಾನ್ಯ ಸಂಪಾದಕರೇ,

ಬಳ್ಳಾರಿ ಕಡೆಯಿಂದಲೂ ಈಗ ಜಪಾನ್ ಪ್ರವಾಸಕ್ಕೆ ಹೊರಡುವವರಿದ್ದಾರೆ. ಪ್ಯಾಕೇಜ್‌ನವರು ಬುಲೆಟ್ ರೈಲು ತೋರಿಸಿ ಮುಗಿಸುತ್ತಾರೆ. ಕಲ್ಲಿದ್ದಲು ಉರಿಸಿ ಓಡುವ ಉಗಿಬಂಡಿ ಅಲ್ಲಿ ಇನ್ನೂ ಇದೆ ಎಂದು ಹೇಳುವವರು ಕಡಿಮೆ. ಗುಂತಕಲ್–ಹುಬ್ಬಳ್ಳಿ ಮೀಟರ್ ಗೇಜ್ ಕಾಲದ ಹೊಗೆಬಂಡಿ ಕಂಡ ಹಿರಿಯರು ಜೊತೆಗಿದ್ದರಂತೂ ತಪ್ಪಿಸಬೇಡಿ. ಅಲ್ಲಿನ ಉಗಿಬಂಡಿಗಳು ಓಡುವ ಹಳಿಗಳ ನಡುವಿನ ಅಂತರ 1,067 ಮಿ.ಮೀ., ನಮ್ಮ ಮೀಟರ್ ಗೇಜ್‌ಗಿಂತ 67 ಮಿ.ಮೀ. ಮಾತ್ರ ಹೆಚ್ಚು.

ಟೋಕಿಯೋದಲ್ಲಿ ಉಳಿದವರಿಗೆ ತಕಾಸಾಕಿ–ಮಿನಾಕಾಮಿ ಮಾರ್ಗದ 'ಎಸ್‌ಎಲ್ ಗುನ್ಮಾ ಮಿನಾಕಾಮಿ' ಒಳ್ಳೆಯ ಆಯ್ಕೆ. ತಕಾಸಾಕಿವರೆಗೆ ಬುಲೆಟ್ ರೈಲಿನಲ್ಲಿ ಸುಮಾರು ಒಂದು ಗಂಟೆ, ಅಲ್ಲಿಂದ 59 ಕಿ.ಮೀ. ಉಗಿಬಂಡಿ. ಹೋಗುವಾಗಲೇ ಹತ್ತಿ. ಮಿನಾಕಾಮಿ ಕಡೆಗೆ ದಾರಿ ಏರು, ಎಂಜಿನ್ ದುಡಿಯುತ್ತದೆ, ಚಿಮಣಿಯ ಸದ್ದು ಎದೆಗೆ ತಟ್ಟುತ್ತದೆ. ಬರುವಾಗ ಇಳಿಜಾರು, ಅಷ್ಟು ಸದ್ದಿರುವುದಿಲ್ಲ. ಮಿನಾಕಾಮಿಯಲ್ಲಿ ಇಳಿದ ಕೂಡಲೇ ಊಟ ಹುಡುಕುತ್ತ ಹೋಗದೆ ನಿಲ್ದಾಣದ ಪಕ್ಕದಲ್ಲಿ ಎಂಜಿನ್ ತಿರುಗಿಸುವ ಟರ್ನ್‌ಟೇಬಲ್ ಬಳಿ ನಿಲ್ಲಿ. ಇಡೀ ಎಂಜಿನ್ ಮುಖ ತಿರುಗಿಸಿಕೊಳ್ಳುವುದನ್ನು ಹತ್ತಿರದಿಂದ ನೋಡಬಹುದು. ನಿಕ್ಕೋಗೆ ಹೋಗುವವರಿಗೆ ತೋಬು ಕಂಪನಿಯ 'ಎಸ್‌ಎಲ್ ತಾಯ್ಜು' ಇದೆ, 12.4 ಕಿ.ಮೀ. ಕ್ಯೋಟೋದಲ್ಲಿ ಸಮಯ ಕಡಿಮೆ ಇದ್ದವರಿಗೆ ರೈಲ್ವೆ ಮ್ಯೂಸಿಯಂನ ಹತ್ತು ನಿಮಿಷದ ಸವಾರಿಯಾದರೂ ಸಿಗುತ್ತದೆ.

ಎಡವುವುದು ಟಿಕೆಟ್‌ನಲ್ಲಿ. ಗುನ್ಮಾ ರೈಲಿನಲ್ಲಿ ಎಲ್ಲವೂ ಕಾಯ್ದಿರಿಸಿದ ಸೀಟು. ಒಂದು ತಿಂಗಳು ಮೊದಲು, ಅದೇ ತಾರೀಕಿನಂದು ಅಲ್ಲಿನ ಬೆಳಿಗ್ಗೆ 10ಕ್ಕೆ, ಅಂದರೆ ನಮ್ಮ 6.30ಕ್ಕೆ ಬುಕಿಂಗ್ ತೆರೆಯುತ್ತದೆ. ಪ್ರವಾಸಿಗರು ಕೊಳ್ಳುವ ಜಪಾನ್ ರೈಲ್ ಪಾಸ್ ಗುನ್ಮಾ ರೈಲಿನಂಥ ಜೆಆರ್ (ಜಪಾನ್ ರೈಲ್ವೇಸ್) ರೈಲುಗಳಿಗೆ ಮಾತ್ರ. ತೋಬು, ಓಯಿಗಾವಾದಂಥ ಖಾಸಗಿ ಕಂಪನಿಗಳ ಉಗಿಬಂಡಿಗೆ ನಡೆಯುವುದಿಲ್ಲ. ಏಳು ದಿನದ ಪಾಸ್ 2023ರ ಅಕ್ಟೋಬರ್‌ನಲ್ಲೇ 50,000 ಯೆನ್‌ಗೆ ಏರಿದೆ, ಉಗಿಬಂಡಿಗೆಂದೇ ಅದನ್ನು ಕೊಳ್ಳಬೇಡಿ. ರೈಲಿನ ಹೆಸರನ್ನೂ ಸರಿಯಾಗಿ ಓದಿ: 'ಎಸ್‌ಎಲ್' ಇದ್ದರೆ ಉಗಿ, 'ಡಿಎಲ್' ಇದ್ದರೆ ಡೀಸೆಲ್. ಹಳೆಯ ಎಂಜಿನ್ ಕೆಟ್ಟರೆ ಡೀಸೆಲ್ ಎಂಜಿನ್ ಕಟ್ಟಿ ಓಡಿಸುವುದುಂಟು, ಹಾಗಾಗಿ ಹೊರಡುವ ಮುನ್ನ ಕಂಪನಿಯ ಜಾಲತಾಣ ನೋಡಿ. 1976ರಿಂದ ಉಗಿಬಂಡಿ ಓಡಿಸುತ್ತಿರುವ ಓಯಿಗಾವಾ ಮಾರ್ಗಕ್ಕೂ 2022ರ ಚಂಡಮಾರುತದಿಂದ ಪೆಟ್ಟು ಬಿದ್ದಿದೆ. ರೈಲು ಎಲ್ಲಿಯವರೆಗೆ ಹೋಗುತ್ತದೆಂದು ಕೇಳಿಕೊಂಡೇ ಟಿಕೆಟ್ ತೆಗೆಯಿರಿ.

ಹಳೆಯ ಬೋಗಿಗಳಲ್ಲಿ ಎಸಿ ಇರುವುದಿಲ್ಲ, ಕಿಟಕಿ ತೆರೆದೇ ಕೂರಬೇಕು. ಸುರಂಗ ಬರುವ ಮೊದಲೇ ಮುಚ್ಚಿಬಿಡಿ. ಒಳಗೆ ಹೊಗೆಗೆ ಹೋಗಲು ಜಾಗವಿಲ್ಲದೆ ನೇರ ಬೋಗಿಗೇ ನುಗ್ಗುತ್ತದೆ. ಬಿಳಿ ಬಟ್ಟೆ ಬೇಡ. ಕಣ್ಣಿಗೆ ಮಸಿಕಣ ಬಿದ್ದರೆ ಉಜ್ಜದೆ ನೀರಿನಲ್ಲಿ ತೊಳೆಯಿರಿ. ಸದ್ದು ಬೇಕೆನ್ನುವವರು ಎಂಜಿನ್ ಹಿಂದಿನ ಬೋಗಿಯಲ್ಲೂ, ತಿರುವಿನಲ್ಲಿ ಎಂಜಿನ್ ನೋಡಬೇಕೆನ್ನುವವರು ಕೊನೆಯ ಬೋಗಿಯಲ್ಲೂ ಕೂರಲಿ. ನಿಲ್ದಾಣದಲ್ಲಿ ಮಾರುವ ಬುತ್ತಿಯಲ್ಲಿ ತರಕಾರಿಗೂ ಮೀನಿನ ಸಾರು ಸೇರಿರುತ್ತದೆ. ಸಸ್ಯಾಹಾರಿಗಳು ಕಟಕ್ ರೊಟ್ಟಿ ಕಟ್ಟಿಕೊಂಡು ಹೋಗುವುದೇ ವಾಸಿ.

ಈ ರೈಲುಗಳಲ್ಲಿ ಹೆಚ್ಚಿನವು ಓಡುವುದು ಶನಿವಾರ, ಭಾನುವಾರ ಮತ್ತು ರಜಾ ದಿನಗಳಲ್ಲಿ. ನಮ್ಮೂರ ಟ್ರಾವೆಲ್ಸ್‌ನವರು ವಿಮಾನದ ಟಿಕೆಟ್ ಮಾಡಿಸುವ ಮೊದಲೇ ಒಂದು ಶನಿವಾರ ಟೋಕಿಯೋದಲ್ಲಿ ಬೀಳುವಂತೆ ದಿನ ಹೊಂದಿಸಿಕೊಡಲಿ ಎಂದು ವಿನಂತಿ.

– ರೈಲು ಆಸಕ್ತರು, ಬಳ್ಳಾರಿ