ಅಕ್ಕನಿಗೆ ಕೇಳಿಸೋ ಸೀಟು

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ನಿನ್ನೆ ಸಂಜೆ ಓದಿದೆ. ಅಮ್ಮನನ್ನು ಒಪೆರಾಗೆ, ಆ ಹಾಡಿನಲ್ಲೇ ನಡೆಯೋ ನಾಟಕಕ್ಕೆ, ಕರೆದುಕೊಂಡು ಹೋಗಬೇಕು, ಎಲ್ಲಿ ಕೂರಿಸಲಿ ಅಂತ ಕೇಳಿದ್ದೀಯ. ಅಕ್ಕನಿಗೆ, ಅಂದರೆ ನಿಮ್ಮಮ್ಮನಿಗೆ, ಕಿವಿ ಮಂದ ಅನ್ನೋದು ನಮಗೆಲ್ಲ ಗೊತ್ತಿರೋದೇ, ಅದನ್ನು ಮತ್ತೆ ಬರೆಯಲ್ಲ. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಒಪೆರಾದಲ್ಲಿ ಅಮ್ಮನಿಗೆ ಏನೂ ಕೇಳಿಸದೇ ಇದ್ದರೂ, ನನಗೆ ಬೇಜಾರಾಗಬಾರದು ಅಂತ ಚೆನ್ನಾಗಿತ್ತು ಅಂದುಬಿಟ್ಟರೆ?" ಅದನ್ನು ಓದಿದ ಮೇಲೆ ನಿದ್ದೆ ಬರಲಿಲ್ಲ.

ಹಾಗೆ ಅಂದವರ ಪಕ್ಕ ನಾನೂ ಒಂದು ಸಲ ಕೂತಿದ್ದೆ. ಪಕ್ಕ ಅಲ್ಲ, ಮುಂದೆ. ಅದೇ ತಪ್ಪಾಗಿದ್ದು.

ನಿಮ್ಮತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಹಳೇ ಥಿಯೇಟರು, ಕುದುರೆ ಲಾಳದ ಆಕಾರ, ಸುತ್ತ ಗೋಡೆಗೆ ಅಂಟಿಕೊಂಡ ಹಾಗೆ ಪುಟ್ಟ ಪುಟ್ಟ ಕೋಣೆಯಂಥ ಬಾಕ್ಸ್‌ಗಳು. 1778ರಲ್ಲಿ ತೆರೆದ ಇಟಲಿಯ ಮಿಲಾನಿನ ಒಪೆರಾ ಥಿಯೇಟರು ಲಾ ಸ್ಕಾಲಾ ಇದೆಯಲ್ಲ, ಅದೇ ನಮೂನೆ. ಬಾಕ್ಸ್ ಸಿಕ್ಕಿತು ಅಂತ ಬೀಗುತ್ತಾ ಮುಂದಿನ ಕುರ್ಚಿ ನಾನೇ ಹಿಡಿದೆ. ಅವಳು ಹಿಂದೆ, ಬಾಗಿಲಿನ ಪರದೆಗೆ ಬೆನ್ನು ಹಚ್ಚಿಕೊಂಡು ಕೂತಳು. ಬಾಕ್ಸಿನ ಒಳಗೆ ಸರಿದಷ್ಟೂ ಚಾವಣಿಗೆ, ಎದುರು ಗೋಡೆಗೆ ಬಡಿದು ಬರೋ ಧ್ವನಿ ಸಿಗಲ್ಲ, ಬಂದಷ್ಟನ್ನೂ ಪರದೆ, ಮೆತ್ತೆ, ಮುಂದೆ ಕೂತವನ ಕೋಟು ಕುಡಿದುಬಿಡುತ್ತವೆ ಅಂತ ಆಗ ಯಾರಿಗೆ ಗೊತ್ತಿತ್ತು? ಹಾಡು ಮುಗಿದಾಗ ತಿರುಗಿ ನೋಡಿದೆ. ಅವಳ ಕಣ್ಣು ವೇದಿಕೆ ಮೇಲಿರಲಿಲ್ಲ, ನನ್ನ ಕೈ ಮೇಲಿತ್ತು. ನಾನು ಚಪ್ಪಾಳೆ ಶುರು ಮಾಡಿದ ಮೇಲೆ ಅವಳದ್ದು. ಪ್ರತಿ ಸಲವೂ. ಹೇಗಿತ್ತು ಅಂದೆ. ಚೆನ್ನಾಗಿತ್ತು ಅಂದಳು. ಎಷ್ಟೋ ವರ್ಷದ ಮೇಲೆ ಯಾರ ಹತ್ತಿರವೋ ನಗುತ್ತಾ ಹೇಳುತ್ತಿದ್ದಳು, ಪಕ್ಕದ ಮನೆಯಲ್ಲಿ ರೇಡಿಯೋ ಹಾಕಿದ ಹಾಗಿತ್ತು ಅಂತ. ನಾನು ಬಾಗಿಲ ಆಚೆ ನಿಂತಿದ್ದೆ. ಒಳಗೆ ಹೋಗಲಿಲ್ಲ.

ಅದಕ್ಕೇ ನಿನ್ನ ಭಯ ಸುಮ್ನೆ ಅಲ್ಲ ಅನ್ನೋದು. ಮೈಕ್ ಇಲ್ಲದ ಒಂದು ಗಂಟಲು ಅಷ್ಟು ದೊಡ್ಡ ಆರ್ಕೆಸ್ಟ್ರಾವನ್ನು ದಾಟಿ ಬರೋದು ಹೇಗೆ ಗೊತ್ತಾ? ಸದ್ದು ಎಷ್ಟು ಎತ್ತರದ್ದು ಅಂತ ಅಳೆಯೋದು ಹರ್ಟ್ಸ್‌ನಲ್ಲಿ. ವಾದ್ಯಗಳ ಬಲ ಜಾಸ್ತಿ ಇರೋದು 500 ಹರ್ಟ್ಸ್ ಸುತ್ತಮುತ್ತ. ಪಳಗಿದ ಕಂಠದಲ್ಲಿ, ಅದರಲ್ಲೂ ಗಂಡು ಕಂಠದಲ್ಲಿ, 3000 ಹರ್ಟ್ಸ್ ಹತ್ತಿರ ಒಂದು ಮೊನಚು ಇರುತ್ತೆ. ಅಲ್ಲಿ ವಾದ್ಯಗಳ ಗದ್ದಲ ಕಡಿಮೆ, ಹಾಡು ನುಸುಳಿ ಬರುತ್ತೆ. ಆದರೆ ವಯಸ್ಸಾದ ಕಿವಿಗೆ ಮೊದಲು ಮಂಕಾಗೋದೂ ಆ ಎತ್ತರದ ಸದ್ದುಗಳೇ. ವಾದ್ಯ ಕೇಳಿಸುತ್ತೆ, ಹಾಡು ಕಳೆದುಹೋಗುತ್ತೆ. ಪಕ್ಕದ ಮನೆ ರೇಡಿಯೋ.

ಆ ಮೊನಚು ಸದ್ದು ನೇರ ಬರೋ ಜಾತಿ, ಅಡ್ಡ ಏನಾದರೂ ಇದ್ದರೆ ಬಳಸಿಕೊಂಡು ಬರೋದು ಕಷ್ಟ. ಹಾಗಾಗಿ ಅಕ್ಕನಿಗೆ ಹಾಡುವವರ ಬಾಯಿ ನೇರ ಕಾಣೋ ಜಾಗ ನೋಡು. ನನ್ನ ಕೇಳಿದರೆ ಮೊದಲ ಬಾಲ್ಕನಿಯ ಮುಂದಿನ ಸಾಲು, ನಡುವೆ. ಜಾಸ್ತಿ ಕೊಟ್ಟು ಕೆಳಗಡೆ ಮೊದಲ ಸಾಲು ಹಿಡೀಬೇಡ, ಮೂಗಿನ ಮುಂದೇ ಆರ್ಕೆಸ್ಟ್ರಾ ಪಿಟ್, ವಾದ್ಯದವರು ಕೂರೋ ತಗ್ಗು, ಇರುತ್ತೆ. 1876ರಲ್ಲಿ ತೆರೆದ ಜರ್ಮನಿಯ ಬಾಯ್‌ರಾಯ್ಟ್ ಥಿಯೇಟರಿನಲ್ಲಿ ಪಿಟ್‌ನ್ನು ವೇದಿಕೆಯ ಅಡಿಗೆ ಇಳಿಸಿ ಮೇಲೆ ಮುಚ್ಚಿಗೆ ಹಾಕಿದ್ದಾರೆ, ಅಲ್ಲಿ ವಾದ್ಯ ಹಾಡನ್ನು ನುಂಗೋದು ಕಡಿಮೆ. ಎಲ್ಲ ಕಡೆ ಆ ಪುಣ್ಯ ಇಲ್ಲ.

ಕೆಳಗಡೆ ಹಿಂದಿನ ಸಾಲುಗಳೂ ಬೇಡ. ತಲೆ ಮೇಲೆ ಬಾಲ್ಕನಿ ಚಾಚಿಕೊಂಡಿರುತ್ತೆ, ಗುಹೆಯಲ್ಲಿ ಕೂತ ಹಾಗೆ. ಸೀಟಿನ ನಕ್ಷೆಯಲ್ಲಿ ಇದು ಎಷ್ಟೋ ಸಲ ಕಾಣೋದೇ ಇಲ್ಲ, ಟಿಕೆಟ್ ಕೊಡುವವರನ್ನು ಬಾಯಿಬಿಟ್ಟು ಕೇಳು.

ನೀನೊಬ್ಬಳೇ ಆಗಿದ್ದರೆ ತುತ್ತತುದಿಯ ಗ್ಯಾಲರಿಗೆ ಹೋಗು ಅನ್ನುತ್ತಿದ್ದೆ. ಚಾವಣಿಗೆ ಬಡಿದು ಬರೋ ಸದ್ದೂ ಅಲ್ಲಿ ಕೈಜೋಡಿಸುತ್ತೆ. ಅಗ್ಗದ ಸೀಟಿನವರ ಕಿವಿ ಕಡಿಮೆಯದ್ದಲ್ಲ. 2006ರ ಡಿಸೆಂಬರ್‌ನಲ್ಲಿ ಲಾ ಸ್ಕಾಲಾದ ಮೇಲಿನ ಗ್ಯಾಲರಿಯವರು ಬೂ ಅಂದಿದ್ದಕ್ಕೆ 'ಐದಾ' ಒಪೆರಾದ ನಾಯಕ ರಾಬರ್ಟೊ ಅಲಾನ್ಯಾ ಆಟದ ನಡುವೆಯೇ ಎದ್ದು ಹೋದ, ಬದಲಿ ಗಾಯಕ ಮಾಮೂಲಿ ಬಟ್ಟೆಯಲ್ಲೇ ಓಡಿ ಬಂದು ಹಾಡಬೇಕಾಯಿತು. ಆದರೆ ಅಕ್ಕನಿಗೆ ಅಷ್ಟು ಮೆಟ್ಟಿಲು ಬೇಡ, ಅಲ್ಲಿಂದ ತುಟಿಯೂ ಕಾಣಲ್ಲ. ತುಟಿ ಕಂಡರೆ ಅವಳಿಗೆ ಅರ್ಧ ಕೇಳಿಸಿದ ಹಾಗೆ, ಅಲ್ವಾ?

ನಾನೇನು ಧ್ವನಿ ಎಂಜಿನಿಯರ್ ಅಲ್ಲ. ತಪ್ಪು ಮಾಡಿದ ಮೇಲೆ ಕೂತು ಓದಿಕೊಂಡಿದ್ದು ಇಷ್ಟು. ಅವಳ ಒಳ್ಳೇ ಕಿವಿ ವೇದಿಕೆ ಕಡೆ ಇರೋ ಹಾಗೆ ಕೂರಿಸು. ಕಿವಿ ಮೆಷಿನ್‌ನಲ್ಲಿ 'ಟಿ' ಸೆಟ್ಟಿಂಗ್ ಇದ್ದರೆ, ಅಲ್ಲಿ ಲೂಪ್, ಅಂದರೆ ಸದ್ದನ್ನು ನೇರ ಮೆಷಿನ್‌ಗೇ ಕಳಿಸೋ ತಂತಿಯ ಏರ್ಪಾಡು, ಇದೆಯಾ, ಯಾವ ಸೀಟುಗಳಿಗೆ ಸಿಗುತ್ತೆ ಅಂತಲೂ ವಿಚಾರಿಸು. ಬಾಕ್ಸೇ ಸಿಕ್ಕಿದರೆ ಮುಂದಿನ ಕುರ್ಚಿ ಅವಳದ್ದು, ಅದರಲ್ಲಿ ಮಾತಿಲ್ಲ.

ಇಂಟರ್ವಲ್‌ನಲ್ಲಿ ಕೇಳಿಸ್ತಾ ಅಂತ ಮಾತ್ರ ಕೇಳಬೇಡ. ಹೂಂ ಅಂತಾಳೆ. ಚಪ್ಪಾಳೆ ಹೊತ್ತಿಗೆ ನಿನ್ನ ಕೈ ಸ್ವಲ್ಪ ತಡೆದು, ಅವಳ ಕಡೆ ನೋಡು. ಅವಳೂ ನಿನ್ನನ್ನೇ ನೋಡುತ್ತಿದ್ದರೆ, ನನಗಿಲ್ಲಿ ಮುಂದಿನವರ ತಲೆ ಅಡ್ಡ ಬರುತ್ತೆ ಅಂತ ಸುಳ್ಳು ಹೇಳಿ ಜಾಗ ಬದಲಾಯಿಸು. ಅವಳು ನಿನಗೆ ಹೇಳಬಹುದಾದರೆ ನೀನೂ ಒಂದು ಹೇಳಬಹುದು.

ಟಿಕೆಟ್ ತೆಗೆಯೋ ಮುಂಚೆ ಸೀಟ್ ನಂಬರ್ ಕಳಿಸು. ಥಿಯೇಟರಿನ ನಕ್ಷೆ ಬಿಚ್ಚಿಟ್ಟುಕೊಂಡೇ ಕೂತಿದ್ದೇನೆ.

ನಿನ್ನ ಮಾವ