ಬೇಸಿಗೆಗೆ ಮುಂಚೆ ಶಾಸಕರಿಂದ ಒಂದು ಹಾಳೆ ಬರಲಿ

ಮಾನ್ಯ ಸಂಪಾದಕರೇ,

ನಮಸ್ಕಾರ. ನಾನು ಕಡೂರು ತಾಲ್ಲೂಕಿನ ಒಬ್ಬ ತೆಂಗು ಬೆಳೆಗಾರ. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಮನಸ್ಸಿನಲ್ಲಿ ಒಂದು ವರ್ಷದಿಂದ ಕೂತಿರುವ ವಿಷಯ, ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಯಾವ ಸಹಾಯ ಎಲ್ಲಿ ಸಿಗುತ್ತದೆ, ಯಾರಿಗೆ ಫೋನ್ ಮಾಡಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಶಾಸಕರು ಮನೆಮನೆಗೆ ಕಳಿಸಬೇಕು.

ಹೋದ ವರ್ಷ ಭರಣಿ ಮಳೆ ಹೊತ್ತಿನಲ್ಲಿ ಒಂದು ಸಂಜೆ ಗಾಳಿ, ಗುಡುಗು ಜೋರಾಗಿ ಬಂತು. ಪಕ್ಕದ ಮನೆಯವರು ಹಸುವನ್ನು ಹುಣಸೆ ಮರದ ಕೆಳಗೆ ಕಟ್ಟಿದ್ದರು. ಸಿಡಿಲು ಬಡಿಯಿತು, ಹಸು ಅಲ್ಲೇ ಬಿತ್ತು. ಎರಡನೇ ಸೂಲಿನ ಹಸು. ಹೊತ್ತಿಗೆ ಆರು ಲೀಟರ್ ಹಾಲು ಕೊಡುತ್ತಿತ್ತು, ಆ ಮನೆ ನಡೆಯುತ್ತಿದ್ದದ್ದೇ ಡೈರಿ ದುಡ್ಡಿನಲ್ಲಿ. ಮನೆಯಾಕೆ ಅದರ ಕೊರಳಿನ ಗಂಟೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ರಾತ್ರಿಯೆಲ್ಲ ಜಗಲಿ ಮೇಲೆ ಕೂತಿದ್ದರು. ಬೆಳಿಗ್ಗೆ ಜೆಸಿಬಿ ಕರೆಸಿ ತೋಟದ ಮೂಲೆಯಲ್ಲಿ ಗುಂಡಿ ತೆಗೆಸಿ ಮುಚ್ಚಿದೆವು. ನಾನೂ ನಿಂತು ಕೈ ಹಾಕಿದ್ದೆ.

ನಾಲ್ಕು ದಿನ ಆದ ಮೇಲೆ ಡೈರಿಯಲ್ಲಿ ಹಾಲು ಹಾಕುವಾಗ ಯಾರೋ ಹೇಳಿದರು, ಸಿಡಿಲಿಗೆ ಹಸು ಸತ್ತರೆ ಸರ್ಕಾರ ಪರಿಹಾರ ಕೊಡುತ್ತದೆ ಅಂತ. ಹೌದು, ಕೊಡುತ್ತದೆ. ವಿಪತ್ತು ಪರಿಹಾರ ನಿಧಿಗೆ 2022ರಲ್ಲಿ ಬಂದ ನಿಯಮದ ಪ್ರಕಾರ ಹಾಲು ಕೊಡುವ ಹಸು ಅಥವಾ ಎಮ್ಮೆಗೆ 37,500 ರೂಪಾಯಿ, ಕುರಿ ಮೇಕೆಗೆ 4,000 ರೂಪಾಯಿ. ಆದರೆ ಪಶುವೈದ್ಯರು ಬಂದು ನೋಡಿ ಮರಣೋತ್ತರ ಪರೀಕ್ಷೆ ಮಾಡಿ ವರದಿ ಕೊಡಬೇಕು, ಫೋಟೋ ಇರಬೇಕು. ನಾವು ಹೂತು ಹಾಕಿದ್ದೆವು. ವರದಿ ಎಲ್ಲಿಂದ ತರುವುದು? ಎರಡು ಸಲ ಕಚೇರಿಗೆ ಹೋಗಿ ಬಂದರು, ಆಮೇಲೆ ಸುಮ್ಮನಾದರು. ಕಚೇರಿಯವರದ್ದೂ ತಪ್ಪು ಅನ್ನೋದಿಲ್ಲ, ಕಾಗದ ಇಲ್ಲದೆ ಅವರು ದುಡ್ಡು ಕೊಡೋಕೆ ಆಗಲ್ಲ. ಆ ರಾತ್ರಿ ಒಂದು ಫೋನ್ ಮಾಡಬೇಕಿತ್ತು ಅನ್ನೋದು ನಮಗೆ ಗೊತ್ತಿರಲಿಲ್ಲ, ಅಷ್ಟೇ. ಯಾರೂ ಹೇಳಿರಲಿಲ್ಲ.

ಆಗಲೇ ನಮ್ಮ ಅಕ್ಕನ ಮಗಳು ಅಮೆರಿಕದಿಂದ ವಾಟ್ಸ್‌ಆ್ಯಪ್‌ನಲ್ಲಿ ತನ್ನ ಮನೆಗೆ ಬಂದ ಒಂದು ಪತ್ರದ ಫೋಟೋ ಕಳಿಸಿದ್ದಳು. ಅಲ್ಲಿ ಒಂದೊಂದು ರಾಜ್ಯಕ್ಕೂ ನಮ್ಮ ವಿಧಾನಸಭೆಯ ಹಾಗೆಯೇ ಶಾಸಕರು ಇರುತ್ತಾರೆ. ಬಹಳ ರಾಜ್ಯಗಳಲ್ಲಿ ಬೇಸಿಗೆ ಬರುವ ಹೊತ್ತಿಗೆ ಅಧಿವೇಶನ ಮುಗಿದಿರುತ್ತದೆ. ಆಗ ಎಷ್ಟೋ ಶಾಸಕರು ಕ್ಷೇತ್ರದ ಮನೆಗಳಿಗೆ ಒಂದು ಪತ್ರ ಕಳಿಸುತ್ತಾರೆ. ಅವಳ ಮನೆಗೆ ಬಂದ ಪತ್ರದಲ್ಲಿ ಏನಿತ್ತು ಅಂತ ಓದಿಸಿ ಕೇಳಿದೆ. ಬಿಸಿಲು ಜಾಸ್ತಿಯಾದ ದಿನ ವಯಸ್ಸಾದವರು ತಂಪಾಗಿ ಕೂರೋಕೆ ಯಾವ ಲೈಬ್ರರಿ ತೆರೆದಿರುತ್ತದೆ, ಶಾಲೆ ರಜೆಯಲ್ಲಿ ಮಕ್ಕಳಿಗೆ ಉಚಿತ ಊಟ ಎಲ್ಲಿ, ಈ ಸಲ ಯಾವ ಮಸೂದೆ ಪಾಸಾಯಿತು, ಶಾಸಕರು ಅದರ ಪರ ವೋಟು ಹಾಕಿದರೋ ವಿರುದ್ಧವೋ, ಜನರ ಸಭೆ ಯಾವ ತಾರೀಕು, ಕಚೇರಿಯ ನಂಬರ್ ಏನು. ಇಷ್ಟೇ. ಸಹಾಯ ಎಲ್ಲಿ ಸಿಗುತ್ತದೆ ಅಂತ ಕೇಳೋಕೆ 211 ಅನ್ನೋ ಒಂದು ನಂಬರ್ ಕೂಡ ಇತ್ತು. "ಮಾವ, ಇದನ್ನ ಫ್ರಿಜ್ ಬಾಗಿಲಿಗೆ ಅಂಟಿಸಿಕೊಂಡಿದ್ದೀನಿ" ಅಂದಳು.

ನಮಗೂ ಹೀಗೇ ಒಂದು ಹಾಳೆ ಬೇಕು. ನಮ್ಮ ಜಿಲ್ಲೆಯ ಐದೂ ಶಾಸಕರಿಗೆ, ಅಂದರೆ ಕಡೂರು, ತರೀಕೆರೆ, ಚಿಕ್ಕಮಗಳೂರು, ಮೂಡಿಗೆರೆ, ಶೃಂಗೇರಿ ಕ್ಷೇತ್ರದವರಿಗೆ ನಿಮ್ಮ ಪತ್ರಿಕೆ ಮೂಲಕ ಕೇಳಿಕೊಳ್ಳುತ್ತಿದ್ದೇನೆ. ಇದು ಒಂದು ಪಕ್ಷದ ಮಾತಲ್ಲ. ನಾಳೆ ಯಾರು ಗೆದ್ದರೂ ಇದನ್ನೇ ಕೇಳುತ್ತೇನೆ. ಯಾರಾದರೂ ಈಗಾಗಲೇ ಕೊಡುತ್ತಿದ್ದರೆ ಬಹಳ ಸಂತೋಷ, ನಮ್ಮ ಮನೆಗೆ ಇನ್ನೂ ಬಂದಿಲ್ಲ.

ಚಿಕ್ಕಮಗಳೂರು ಜಿಲ್ಲೆ ಅಂದ ತಕ್ಷಣ ಹೊರಗಿನವರಿಗೆ ಮಳೆ, ಕಾಫಿ, ಮುಳ್ಳಯ್ಯನಗಿರಿ ನೆನಪಾಗುತ್ತದೆ. ಕಡೂರು ಬಯಲುಸೀಮೆ ಸ್ವಾಮಿ. ವೇದಾವತಿ ಹೊಳೆ ಬೇಸಿಗೆಯಲ್ಲಿ ಬರೀ ಮರಳು. 2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. ಅದರ ಮುಂದಿನ ಬೇಸಿಗೆ ಹೇಗಿತ್ತು ಅಂತ ನಮ್ಮ ತೆಂಗಿನ ಮರಗಳನ್ನು ಕೇಳಬೇಕು, ಗರಿಯೆಲ್ಲ ಜೋತು ಬಿದ್ದು ಹರಳು, ಅಂದರೆ ಎಳೆ ಕಾಯಿ, ಉದುರುತ್ತಿದ್ದವು. ಆ ಏಪ್ರಿಲ್‌ನಲ್ಲಿ ನಮ್ಮ ಬೀದಿಯ ಬೋರ್‌ವೆಲ್ ಮೋಟರ್ ಸುಟ್ಟುಹೋಯಿತು. ಒಂಬತ್ತು ದಿನ ನೀರಿಲ್ಲ. ನೀರುಗಂಟಿಯನ್ನು ಕೇಳಿದರೆ ಪಂಚಾಯಿತಿಗೆ ಹೇಳಿದ್ದೀನಿ ಅಂದ. ಪಂಚಾಯಿತಿಯಲ್ಲಿ ಇಂಜಿನಿಯರ್‌ಗೆ ಬರೆದಿದ್ದೀವಿ ಅಂದರು. ಇಂಜಿನಿಯರ್ ಯಾರು, ಎಲ್ಲಿ ಕೂರುತ್ತಾರೆ ಅಂತ ಯಾರಿಗೂ ಗೊತ್ತಿಲ್ಲ. ನನ್ನ ತಾಯಿಗೆ ಎಪ್ಪತ್ತೆಂಟು ವರ್ಷ. ಮಿನಿ ಟ್ಯಾಂಕ್ ಹತ್ತಿರ ಬೆಳಗಿನ ಜಾವ ನಾಲ್ಕಕ್ಕೇ ಬಿಂದಿಗೆ ಸಾಲಿಗೆ ಇಟ್ಟು ಬರುತ್ತಿದ್ದರು, ಬೇಡ ಅಂದರೂ ಕೇಳುತ್ತಿರಲಿಲ್ಲ. ಕೊನೆಗೆ ಒಬ್ಬ ತೋಟದವರು ತಮ್ಮ ಬೋರ್‌ನಿಂದ ಪೈಪ್ ಎಳೆದು ಕೊಟ್ಟರು, ಅವರ ಋಣ ದೊಡ್ಡದು.

ಆಮೇಲೆ ತಿಳಿದದ್ದು ಇದು. ಕುಡಿಯುವ ನೀರಿಗೆ ಅಂತಲೇ ತಾಲ್ಲೂಕಿಗೆ ಒಂದು ಟಾಸ್ಕ್‌ಫೋರ್ಸ್ ಸಮಿತಿ ಇರುತ್ತದೆ, ಅದಕ್ಕೆ ಶಾಸಕರೇ ಅಧ್ಯಕ್ಷರು. ತಹಶೀಲ್ದಾರ್, ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿ (ಇಒ), ನೀರು ಸರಬರಾಜು ಇಂಜಿನಿಯರ್ ಎಲ್ಲರೂ ಅದರಲ್ಲಿ ಕೂರುತ್ತಾರೆ. ಎಲ್ಲಿ ಹೊಸ ಬೋರ್ ಕೊರೆಸಬೇಕು, ಎಲ್ಲಿಗೆ ಟ್ಯಾಂಕರ್ ಕಳಿಸಬೇಕು, ಯಾವ ಊರಲ್ಲಿ ಖಾಸಗಿ ಬೋರ್‌ವೆಲ್ ಬಾಡಿಗೆಗೆ ತಗೋಬೇಕು ಅಂತ ಮಾತಾಡುವ ಜಾಗ ಅದೇ. ಖಾಸಗಿ ಬೋರ್ ಕೊಟ್ಟವರಿಗೆ ಬಾಡಿಗೆ ಸಿಗುತ್ತದೆ ಅನ್ನೋದೇ ನಮ್ಮ ತೋಟದವರಿಗೆ ಗೊತ್ತಿರಲಿಲ್ಲ. ಅವರು ಪುಕ್ಕಟೆ ಕೊಟ್ಟರು, ಕರೆಂಟ್ ಹೋದಾಗ ರಾತ್ರಿ ಎದ್ದು ಹೋಗಿ ಮೋಟರ್ ಹಾಕಿದರು. ಶಾಸಕರ ಹಾಳೆಯಲ್ಲಿ ಈ ಸಮಿತಿಯ ಸಭೆ ಯಾವತ್ತು, ನಮ್ಮ ಪಂಚಾಯಿತಿಯ ಯಾವ ಊರು ಪಟ್ಟಿಯಲ್ಲಿದೆ, ಎಷ್ಟು ದುಡ್ಡು ಬಂದಿದೆ, ಟ್ಯಾಂಕರ್ ವಾರಕ್ಕೆ ಎಷ್ಟು ಸಲ, ಮೋಟರ್ ಸುಟ್ಟರೆ ಯಾರಿಗೆ ಫೋನ್, ಮೂರು ದಿನದಲ್ಲಿ ಆಗದಿದ್ದರೆ ಅದರ ಮೇಲೆ ಯಾರಿಗೆ ಅಂತ ಬರೆದಿದ್ದರೆ ನಾವು ಒಂಬತ್ತು ದಿನ ಕಾಯಬೇಕಿರಲಿಲ್ಲ. ಜಲಜೀವನ್ ಮಿಷನ್‌ನಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಅಂತ ಲೆಕ್ಕ ಇದೆ. ಮನೆ ಮುಂದೆ ನಲ್ಲಿ ಬಂದಿದೆ, ಸರಿ. ಆ ನಲ್ಲಿಗೆ ನೀರು ಯಾವ ಬೋರ್‌ನಿಂದ ಬರುತ್ತದೆ, ಆ ಬೋರ್ ಬತ್ತಿದರೆ ಮುಂದೇನು ಅನ್ನೋದನ್ನೂ ಹೇಳಬೇಕಲ್ವಾ?

ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ 2 ಕೋಟಿ ರೂಪಾಯಿ ಇದೆ. ಅದರಲ್ಲಿ ಈ ವರ್ಷ ಯಾವ ಊರಿಗೆ ಏನು ಕೆಲಸ ಶಿಫಾರಸು ಮಾಡಿದರು ಅಂತ ನಾಲ್ಕು ಸಾಲು ಹಾಕಲಿ. ಬೇರೆ ಊರಿಗೆ ಹೋಯಿತು ಅಂತ ಜಗಳಕ್ಕಲ್ಲ ಕೇಳುತ್ತಿರುವುದು. ಗೊತ್ತಿದ್ದರೆ ಮುಂದಿನ ವರ್ಷ ನಾವೂ ಅರ್ಜಿ ಹಿಡಿದು ಹೋಗಬಹುದು.

ಮಕ್ಕಳ ವಿಷಯವೂ ಇದೆ. ಆ ಬರದ ಬೇಸಿಗೆಯಲ್ಲಿ, 2024ರಲ್ಲಿ, ರಜೆ ಇದ್ದರೂ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಬಿಸಿಯೂಟ ಕೊಟ್ಟರು. ಒಳ್ಳೆಯ ಕೆಲಸ. ನಮ್ಮ ಬೀದಿಯಲ್ಲಿ ಕೂಲಿಗೆ ಹೋಗುವ ಒಬ್ಬ ತಾಯಿಗೆ ಅದು ಗೊತ್ತಾದಾಗ ಅರ್ಧ ರಜೆ ಮುಗಿದಿತ್ತು. ಎರಡು ಮಕ್ಕಳು ಬೆಳಗಿನ ತಂಗಳು ತಿಂದು ಸಂಜೆವರೆಗೆ ಕಾಯುತ್ತಿದ್ದವು. ಹತ್ತನೇ ತರಗತಿಯಲ್ಲಿ ಫೇಲಾದ ಮಕ್ಕಳು ಒಂದು ವರ್ಷ ಹೋಯಿತು ಅಂತ ಮನೆಯಲ್ಲಿ ಮುಖ ಮುಚ್ಚಿಕೊಂಡು ಕೂರುತ್ತವೆ, ಬೇಸಿಗೆ ಮುಗಿಯುವುದರೊಳಗೆ ಎರಡನೇ ಪರೀಕ್ಷೆ ಇದೆ, ಅರ್ಜಿ ಹಾಕುವ ಕೊನೆ ದಿನ ಇಂಥದ್ದು ಅಂತ ಯಾರಾದರೂ ಜೋರಾಗಿ ಹೇಳಬೇಕು. ಪಂಚಾಯಿತಿ ಲೈಬ್ರರಿಗೆ ಈಗ ಅರಿವು ಕೇಂದ್ರ ಅಂತ ಹೆಸರು, ಅಲ್ಲಿ ಬೇಸಿಗೆ ಶಿಬಿರ ನಡೆಯುತ್ತದೆ. ನಮ್ಮ ಮೊಮ್ಮಗ ಹೋಗಿದ್ದ, ಮಣ್ಣಿನಲ್ಲಿ ಎತ್ತಿನಗಾಡಿ ಮಾಡಿಕೊಂಡು ಬಂದ. ಅದೂ ಅವನ ಗೆಳೆಯ ಹೇಳಿದ್ದಕ್ಕೆ.

ಐದೂ ಕ್ಷೇತ್ರಕ್ಕೆ ಒಂದೇ ಹಾಳೆ ಆಗುವುದಿಲ್ಲ, ಅದೂ ನಿಜ. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆ ಬೇಸಿಗೆ ಅಂದರೆ ಮಂಗನ ಕಾಯಿಲೆ ಭಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಕಾಯಿಲೆ, ಉಣುಗು ಕಚ್ಚಿ ಬರುತ್ತದೆ. ಕಾಡಿಗೆ ಸೊಪ್ಪು, ದರಗು ತರೋಕೆ ಹೋಗುವವರು ಕೈಕಾಲಿಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆಯನ್ನು ಆರೋಗ್ಯ ಇಲಾಖೆಯಿಂದ ಉಚಿತವಾಗಿ ಕೊಡುತ್ತಾರೆ. ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಬೇಕು. ಅಲ್ಲಿಯವರ ಹಾಳೆಯಲ್ಲಿ ಮೊದಲ ಸಾಲೇ ಇದಾಗಬೇಕು. ಮೂಡಿಗೆರೆ ಕಡೆಯವರಿಗೆ ಆನೆ. ಪಕ್ಕದ ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಕಡೆ ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯವರು ಮೊಬೈಲ್‌ಗೆ ಮೆಸೇಜ್ ಕಳಿಸುತ್ತಾರೆ, ತೋಟದ ಕೆಲಸಕ್ಕೆ ಹೋಗುವವರು ಅದನ್ನು ನೋಡಿಯೇ ಮನೆಯಿಂದ ಹೊರಡುತ್ತಾರೆ. ಹೊತ್ತಿಗೆ ಸರಿಯಾಗಿ ಬಂದ ಒಂದು ಸಾಲು ಸುದ್ದಿ ಜೀವ ಉಳಿಸುತ್ತದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ಹಸು ಸತ್ತ ಮೇಲೆ ನಾನು ಮತ್ತು ಡೈರಿ ಸೆಕ್ರೆಟರಿ ಸೇರಿ ಒಂದು ಹಾಳೆ ಬರೆದೆವು. ಅವರ ಅಕ್ಷರ ದುಂಡಗಿದೆ, ಅವರೇ ಬರೆದರು. ಕರೆಂಟ್ ತಂತಿ ಬಿದ್ದರೆ, ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟರೆ 1912. ದನಕ್ಕೆ ತುರ್ತು ಚಿಕಿತ್ಸೆ ಬೇಕಾದರೆ ಪಶು ಆಂಬುಲೆನ್ಸ್ 1962. ಮನುಷ್ಯರಿಗೆ 108. ಪೊಲೀಸ್, ಬೆಂಕಿ 112. ಯಾವ ಇಲಾಖೆ ದೂರನ್ನಾದರೂ ಹೇಳಬಹುದಾದ ಜನಸ್ಪಂದನ 1902, ದೂರು ಕೊಟ್ಟಾಗ ಒಂದು ನಂಬರ್ ಕೊಡುತ್ತಾರೆ, ಅದನ್ನು ಬರೆದಿಟ್ಟುಕೊಳ್ಳಿ. ಕೆಳಗೆ ಕೆಂಪು ಪೆನ್ನಿನಲ್ಲಿ, ಸಿಡಿಲಿಗೆ ದನ ಸತ್ತರೆ ಡಾಕ್ಟರ್ ನೋಡುವ ತನಕ ಹೂಳಬೇಡಿ, ಫೋಟೋ ತೆಗೆಯಿರಿ, ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ. ಡೈರಿಯ ತೂಕದ ಮಿಷನ್ ಪಕ್ಕದ ಗೋಡೆಗೆ ಅಂಟಿಸಿದೆವು. ದಿನಾ ಎರಡು ಹೊತ್ತು ಜನ ಅಲ್ಲಿ ನಿಂತೇ ನಿಲ್ಲುತ್ತಾರೆ. ಕ್ಯಾನ್ ಕೆಳಗಿಟ್ಟು ಓದುತ್ತಾರೆ, ಫೋನ್‌ನಲ್ಲಿ ಫೋಟೋ ತೆಗೆದುಕೊಳ್ಳುತ್ತಾರೆ. ಆಮೇಲೆ ಒಬ್ಬರ ಎಮ್ಮೆ ಕರು ಹಾಕೋಕೆ ಕಷ್ಟಪಟ್ಟಾಗ ಆ ಗೋಡೆ ನೋಡಿಯೇ 1962ಕ್ಕೆ ಫೋನ್ ಮಾಡಿದ್ದು. ಗಾಡಿ ಬಂತು, ಎಮ್ಮೆ ಉಳಿಯಿತು.

ಇಬ್ಬರು ಸೇರಿ ಒಂದು ಸಂಜೆಯಲ್ಲಿ ಇಷ್ಟು ಮಾಡಬಹುದಾದರೆ ಶಾಸಕರ ಕಚೇರಿಗೆ ಇದು ಕಷ್ಟವಲ್ಲ. ನಮಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರುತ್ತದೆ. ಬಜೆಟ್ ಅಧಿವೇಶನ ಮಾರ್ಚ್ ಹೊತ್ತಿಗೆ ನಡೆದಿರುತ್ತದೆ, ತಾಲ್ಲೂಕಿಗೆ ಏನು ಬಂತು ಅಂತ ಅವರಿಗೆ ಮೊದಲು ತಿಳಿಯುತ್ತದೆ. ಹಬ್ಬದ ಶುಭಾಶಯ ಅವರಿಂದ ಪ್ರತಿ ಸಲ ಬರುತ್ತದೆ, ಅದು ಬೇಡ ಅನ್ನೋದಿಲ್ಲ. ಯುಗಾದಿ ಶುಭಾಶಯದ ಜೊತೆಗೇ ಈ ಹಾಳೆಯೂ ಬರಲಿ. ದೊಡ್ಡ ಅಕ್ಷರದಲ್ಲಿರಲಿ, ನನ್ನ ತಾಯಿಯಂಥವರೂ ಓದಬೇಕು. ಮೊಬೈಲ್‌ಗೆ ಮಾತ್ರ ಕಳಿಸಿ ಬಿಡಬೇಡಿ, ಎಷ್ಟೋ ಮನೆಯಲ್ಲಿ ಫೋನ್ ಗಂಡನ ಜೊತೆ ಅಥವಾ ಮಗನ ಜೊತೆ ಹೊರಗೆ ಹೋಗಿರುತ್ತದೆ. ರೇಷನ್ ಅಂಗಡಿ, ಡೈರಿ, ಅಂಗನವಾಡಿ, ಆಸ್ಪತ್ರೆ ಗೋಡೆಗೆ ಅಂಟಿಸಿ. ನಂಬರ್ ಹಾಕುವ ಮುಂಚೆ ಒಂದು ಸಲ ಆ ನಂಬರಿಗೆ ಫೋನ್ ಮಾಡಿ ನೋಡಿ, ಎತ್ತುತ್ತಾರಾ ಅಂತ. ಮಳೆ ಹಿಡಿದ ಮೇಲೆ ಇನ್ನೊಂದು ಹಾಳೆ ಬಂದು, ಬೇಸಿಗೆಯಲ್ಲಿ ಎಷ್ಟು ದೂರು ಬಂತು, ಎಷ್ಟು ಸರಿಯಾಯಿತು, ಯಾವುದು ಆಗಲಿಲ್ಲ ಅಂತ ತಿಳಿಸಿದರೆ ಇನ್ನೂ ಒಳ್ಳೆಯದು. ಆಗಲಿಲ್ಲ ಅಂತ ಹೇಳಿದರೆ ಜನ ಬೈಯುವುದಿಲ್ಲ. ಏನೂ ಹೇಳದೇ ಇದ್ದರೆ ಬೇಜಾರಾಗುತ್ತದೆ.

ಹಾಳೆ ಅಚ್ಚಾಗಿ ಬಂದರೆ ನಮ್ಮ ಊರಿನಲ್ಲಿ ಮನೆಮನೆಗೆ ಹಂಚುವ ಕೆಲಸ ನಾನೂ ಡೈರಿ ಸೆಕ್ರೆಟರಿಯೂ ಮಾಡುತ್ತೇವೆ. ಒಂದು ಬೆಳಿಗ್ಗೆ ಸಾಕು. ಪಕ್ಕದ ಮನೆಯಾಕೆ ತಾನೂ ಬರುತ್ತೇನೆ ಅಂದಿದ್ದಾರೆ.

ಇಂತಿ,
ಕಡೂರು ತಾಲ್ಲೂಕಿನ ಒಬ್ಬ ಓದುಗ