ಹೆಸರು ಬೇಕಾದರೆ ಮುಚ್ಚಿಡು, ಕತೆಯನ್ನಲ್ಲ

ಪ್ರೀತಿಯ ತಂಗಿ,

ನಿನ್ನ ಪತ್ರ ಓದಿದೆ. ಹನ್ನೊಂದು ಕತೆ ಬರೆದಿದ್ದೀಯ, ಒಂದನ್ನೂ ಯಾರಿಗೂ ತೋರಿಸಿಲ್ಲ. ಎಲೆಮರೆಯ ಕಾಯಿಯಾಗಿಯೇ ಇದ್ದುಬಿಡ್ತೀನಿ ಅಂದಿದ್ದೀಯ. ಓದಿ ಬೇಜಾರಾಯಿತು. ಕಾಯಿಗೆ ಎಲೆಯ ಮರೆ ಬೇಕಾಗುವುದು ಬಲಿಯುವ ತನಕ, ಅಲ್ವಾ? ಹಣ್ಣಾದ ಮೇಲೂ ಯಾರೂ ಕೀಳದಿದ್ದರೆ ಅಲ್ಲೇ ಕೊಳೆಯುತ್ತದೆ.

ಇಂಗ್ಲಿಷಿನವರು ಇಂಥ ಸಂಕೋಚಕ್ಕೆ ದೀಪವನ್ನು ಬುಷೆಲ್ ಕೆಳಗೆ ಬಚ್ಚಿಡುವುದು ಅನ್ನುತ್ತಾರೆ. ಬುಷೆಲ್ ಕಾಳು ಅಳೆಯುವ ಪಾತ್ರೆ, ನಮ್ಮ ಕೊಳಗ ಇದ್ದ ಹಾಗೆ. ಮಾತಿನ ಮೂಲ ಬೈಬಲಿನ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯ. ದೀಪ ಹಚ್ಚಿ ಯಾರೂ ಅದರ ಮೇಲೆ ಕೊಳಗ ಬೋರಲು ಹಾಕುವುದಿಲ್ಲ, ಮನೆಯವರಿಗೆಲ್ಲ ಬೆಳಕು ಸಿಗಲಿ ಅಂತ ಎತ್ತರದಲ್ಲಿ ಇಡುತ್ತಾರೆ ಅಂತ ಯೇಸು ಹೇಳಿದ್ದು. ಆದರೆ ಅದೇ ಉಪದೇಶ ಮುಂದುವರಿದು, 6ನೇ ಅಧ್ಯಾಯಕ್ಕೆ ಬಂದಾಗ, ಜನ ನೋಡಲಿ ಅಂತ ಒಳ್ಳೆಯ ಕೆಲಸ ಮಾಡಬೇಡಿ ಅಂತಲೂ ಇದೆ. ಎರಡನ್ನೂ ಒಟ್ಟಿಗೆ ಪಾಲಿಸುವುದು ಹೇಗೆ?

ವಿಲಿಯಂ ಟಿಂಡೇಲ್ ಪಾಲಿಸಿದ. ಬುಷೆಲ್‌ನ ಈ ಮಾತು ಅವನು ಮಾಡಿದ ಇಂಗ್ಲಿಷ್ ಅನುವಾದದಲ್ಲಿದೆ. ಆಗ ಇಂಗ್ಲೆಂಡಿನಲ್ಲಿ ಬೈಬಲನ್ನು ಅಪ್ಪಣೆಯಿಲ್ಲದೆ ಅನುವಾದಿಸುವುದೇ ಅಪರಾಧ. ಅದಕ್ಕೆ ಜರ್ಮನಿಗೆ ಹೋಗಿ 1526ರಲ್ಲಿ ವರ್ಮ್ಸ್ ಊರಿನಲ್ಲಿ ಹೊಸ ಒಡಂಬಡಿಕೆಯನ್ನು (ಬೈಬಲಿನಲ್ಲಿ ಯೇಸುವಿನ ಕತೆ ಇರುವ ಭಾಗ) ಅಚ್ಚು ಹಾಕಿಸಿದ, ಪ್ರತಿಗಳು ಬಟ್ಟೆಯ ಮೂಟೆಗಳಲ್ಲಿ ಅಡಗಿ ಇಂಗ್ಲೆಂಡಿಗೆ ಹೋದವು. ಪುಸ್ತಕದಲ್ಲಿ ಅವನ ಹೆಸರು ಇರಲಿಲ್ಲ. ಯಾಕೆ ಅಂತ ಎರಡು ವರ್ಷದ ನಂತರ ಅವನೇ ಬರೆದ: ಒಳ್ಳೆಯ ಕೆಲಸವನ್ನು ಗುಟ್ಟಾಗಿ ಮಾಡು ಅನ್ನುವ ಆ 6ನೇ ಅಧ್ಯಾಯದ ಮಾತನ್ನು ತಾನು ಪಾಲಿಸಿದೆ ಅಂತ. ಕೊನೆಗೆ 1536ರಲ್ಲಿ ಅವನನ್ನು ಕೊಂದರು. ಅವನ ವಾಕ್ಯಗಳು ಮಾತ್ರ ಇಂಗ್ಲಿಷಿನಲ್ಲಿ ಉಳಿದವು.

ನಮ್ಮಲ್ಲಿ ಮುದ್ದಣ ಇಲ್ಲವೇ. ನಂದಳಿಕೆಯ ಲಕ್ಷ್ಮೀನಾರಾಯಣಪ್ಪ, ಉಡುಪಿಯಲ್ಲಿ ಡ್ರಿಲ್ ಮೇಷ್ಟ್ರು. ತನ್ನದೇ ಕಾವ್ಯವನ್ನು ಯಾರೋ ಹಳೆಯ ಕವಿಯದು ಅಂತ ಹೇಳಿ ಮೈಸೂರಿಗೆ ಕಳಿಸಿದ. ನಾಚಿಕೆಯೋ, ಭಯವೋ, ಇರಲಿ. ಕಳಿಸಿದ ಅನ್ನುವುದು ನನಗೆ ದೊಡ್ಡದು. 1901ರಲ್ಲಿ, 31ನೇ ವಯಸ್ಸಿಗೇ, ತೀರಿಕೊಂಡ. ಕಾವ್ಯ ಟ್ರಂಕಿನಲ್ಲೇ ಇದ್ದಿದ್ದರೆ ಇವತ್ತು ನಾವು ಓದುತ್ತಿದ್ದೆವಾ?

ನಿನಗೆ ಜಂಬ ಬರಬಹುದು ಅನ್ನುವ ಹೆದರಿಕೆ ನನಗೆ ಅರ್ಥವಾಗುತ್ತದೆ. ಅದು ಒಳ್ಳೆಯ ಹೆದರಿಕೆ, ಬಿಡಬೇಡ. ಹೆಸರು ಹಾಕಲು ಮುಜುಗರವಾದರೆ ಬೇರೆ ಹೆಸರು ಹಾಕು, ಫೋಟೋ ಕೊಡಬೇಡ, ಸಭೆಗೆ ಹೋಗಬೇಡ. ಅರ್ಧ ಬೆಂದ ಕತೆಗಳನ್ನು ಇನ್ನೂ ಒಂದು ವರ್ಷ ಇಟ್ಟುಕೋ, ಅವಸರವಿಲ್ಲ. ಆದರೆ ನಾಲ್ಕು ಸಲ ತಿದ್ದಿ ಮುಗಿಸಿದ್ದೀನಿ ಅಂತ ಬರೆದಿದ್ದೀಯಲ್ಲ, ಅಜ್ಜಿ ರಾತ್ರಿ ಬಸ್ಸಿಗೆ ಕಾಯುವ ಕತೆ, ಅದನ್ನು ಸುಮ್ನೆ ಇಟ್ಟುಕೊಂಡು ಕೂತರೆ ವಿನಯ ಅನ್ನಲಾರೆ. ಭಾನುವಾರದೊಳಗೆ ನನಗೆ ಕಳಿಸು. ಆ ಅಜ್ಜಿಗೆ ಬಸ್ಸು ಸಿಕ್ಕಿತಾ ಅಂತ ಪತ್ರ ಓದಿದಾಗಿನಿಂದ ಯೋಚಿಸುತ್ತಿದ್ದೇನೆ.

ಪ್ರೀತಿಯಿಂದ,
ನಿನ್ನ ಅಕ್ಕ